ಬೀರುವಿನ ಎರಡನೆಯ ಬೆನ್ನು

ಫೆಬ್ರವರಿ 4

ಇವತ್ತಿನಿಂದ ನನ್ನನ್ನು ಮರಗೆಲಸದ ಶೆಡ್ಡಿಗೆ ಹಾಕಿದ್ದಾರೆ. ಜೈಲಿನ ಅಡುಗೆಮನೆಯಲ್ಲಿ ಹಾಯಾಗಿದ್ದೆ. ಯಾರೋ ಚಾಡಿ ಹೇಳಿದರು, ಇವನು ಬೇಯಿಸೋದಕ್ಕಿಂತ ರುಚಿ ನೋಡೋದೇ ಜಾಸ್ತಿ, ಹೊಟ್ಟೆ ನೋಡಿ ಬೇಕಾದರೆ ಅಂತ. ಈ ಹೊಟ್ಟೆ ನಾನು ಬಸ್ ಕಂಡಕ್ಟರ್ ಆಗಿದ್ದಾಗಿನಿಂದಲೂ ಇದೆ ಮಾರಾಯರೇ, ಸರ್ಕಾರದ ಗಂಜಿ ಕುಡಿದು ಬಂದದ್ದಲ್ಲ. ಹೇಳಿದರೆ ಕೇಳೋರು ಯಾರು?

ಒಂದು ಅನುಕೂಲ ಇದೆ. ಮರ ತಿಕ್ಕಿ ಸವೆದ ಉಪ್ಪು ಕಾಗದ ಇಲ್ಲಿ ರಾಶಿ ಬಿದ್ದಿರುತ್ತದೆ, ಅದರ ಬೆನ್ನು ಖಾಲಿ. ಗುರುತು ಹಾಕುವ ಪೆನ್ಸಿಲ್ ಎಲ್ಲರ ಕಿವಿಯ ಮೇಲೂ ಇರುತ್ತದೆ. ಬಸ್ಸಿನಲ್ಲಿ ಬೆಳಗಿಂದ ಸಂಜೆವರೆಗೆ ಬಾಯಿ ಬಡಿದುಕೊಂಡೇ ಬದುಕಿದವನು ನಾನು, ಇಲ್ಲಿ ಮಾತಾಡದೆ ತಲೆ ಸಿಡಿಯುತ್ತದೆ. ಅದಕ್ಕೇ ಬರೀತಿದ್ದೇನೆ. ನನ್ನ ಬೆಂಚಿನ ಒಂದು ಕಾಲು ಹುಳ ತಿಂದು ಟೊಳ್ಳಾಗಿದೆ. ಬರೆದದ್ದನ್ನು ಸುರುಳಿ ಸುತ್ತಿ ಅಲ್ಲಿ ತುರುಕಿದರೆ ಆಯಿತು.

ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕ ಇದ್ದಾನೆ, ಜೀವಾವಧಿ ಶಿಕ್ಷೆಯವನು. ಎಲ್ಲರೂ ಮೇಸ್ತ್ರಿ ಅಂತಾರೆ. ಕಡ್ಡಿ ಹಾಗಿದ್ದಾನೆ, ಇಡೀ ದಿನ ಕೆಮ್ಮುತ್ತಾನೆ. ಯಾವುದೋ ಸಾಹುಕಾರರ ಮನೆಗೆ ಬೀರು ಮಾಡಲು ಹೋದವನು ಅವರ ಒಡವೆಯನ್ನೇ ಎತ್ತಿದನಂತೆ. ತಡೆಯಲು ಬಂದ ಕಾವಲುಗಾರ ಮೆಟ್ಟಿಲಿಂದ ಉರುಳಿ ಸತ್ತನಂತೆ. ಒಡವೆ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಪೊಲೀಸರು ನೆಲ ಅಗೆದರು, ಬಾವಿ ಬತ್ತಿಸಿದರು, ಇವನ ಬೆರಳನ್ನೂ ಮುರಿದರು. ಮುದುಕ ಬಾಯಿ ಬಿಡಲಿಲ್ಲ.

ನಾನೋ ಬಾಮೈದನ ಮಾತು ಕೇಳಿ ಗೋದಾಮಿನ ಬೀಗ ಒಡೆಯಲು ಹೋಗಿ, ಒಂದು ಕಾಸೂ ಕಾಣದೆ ಒಳಗೆ ಬಿದ್ದವನು. ಹೊರಗೆ ಹೋಗುವಷ್ಟರಲ್ಲಿ ಮಗಳು ನನ್ನ ಎತ್ತರ ಬೆಳೆದಿರುತ್ತಾಳೆ. ಈ ಮುದುಕನನ್ನು ಬುಟ್ಟಿಗೆ ಹಾಕಿಕೊಳ್ಳಬೇಕು. ಅವನಿಗೆ ಆ ಮಾಲು ಇನ್ನು ಯಾತಕ್ಕೆ?

ಫೆಬ್ರವರಿ 11

ಬುಟ್ಟಿಗೆ ಹಾಕಿಕೊಳ್ಳೋದು ಅಂದುಕೊಂಡಷ್ಟು ಸುಲಭ ಅಲ್ಲ. ಬೀಡಿ ಕೊಟ್ಟೆ, ಕೆಮ್ಮು ಅಂತ ಬೇಡ ಅಂದ. ಕಾಲು ಒತ್ತಲಾ ಅಂದೆ, "ನನ್ನ ಕಾಲು ಸರಿಯಾಗಿದೆ, ನೀನು ಮೊದಲು ಕೀಸುಳಿ ಹಿಡಿಯೋದು ಕಲಿ" ಅಂದ. ನಾನು ಹಲಗೆ ನಯಮಾಡುವುದನ್ನು ನೋಡಿ ಶೆಡ್ಡಿಗೆ ಶೆಡ್ಡೇ ನಕ್ಕಿತು. "ಹಲಗೆಗೆ ಟಿಕೆಟ್ ಹರೀತಿದೀಯೇನೋ ಕಂಡಕ್ಟರ್?" ಅಂತ ಮುದುಕ. ಮೈಯೆಲ್ಲ ಉರಿದುಹೋಯಿತು.

ಆದರೆ ಒಂದು ಸುಳಿವು ಸಿಕ್ಕಿತು. ಮುದುಕನಿಗೆ ಕಥೆಯ ಹುಚ್ಚು. ಕಣ್ಣು ಮಂಜಾಗಿ ಓದಲು ಆಗುವುದಿಲ್ಲ. ಇಲ್ಲಿನ ಪುಸ್ತಕದ ಕಪಾಟಿನಲ್ಲಿ ರಟ್ಟು ಹೋದ ಒಂದು ದಪ್ಪ ಸಾಹಸದ ಕಾದಂಬರಿ ಇದೆ, ಓದಿ ಹೇಳೋರು ಯಾರೂ ಇಲ್ಲ ಅಂತ ಗೊಣಗುತ್ತಿದ್ದ. ನನ್ನ ಗಂಟಲು ಯಾವುದಕ್ಕೆ ಇರೋದು? ನಾಳೆಯೇ ಆ ಪುಸ್ತಕ ತರುತ್ತೇನೆ.

ಫೆಬ್ರವರಿ 19

ಮಧ್ಯಾಹ್ನ ಊಟದ ಬಿಡುವಿನಲ್ಲಿ ಓದುತ್ತೇನೆ. ಮುದುಕ ಹೊಟ್ಟಿನ ರಾಶಿಯ ಮೇಲೆ ಕಣ್ಣು ಮುಚ್ಚಿ ಕೂರುತ್ತಾನೆ. ಕಥೆಯಲ್ಲಿ ಇಬ್ಬರು ಗೆಳೆಯರು, ಸುಳ್ಳು ಆಪಾದನೆಯ ಮೇಲೆ ಉಪ್ಪಿನ ಗಣಿಯ ಸೆರೆಮನೆಯಲ್ಲಿದ್ದಾರೆ. ಒಬ್ಬನಿಗೆ ನಿಧಿ ಇರೋ ಜಾಗ ಗೊತ್ತು. ಇಬ್ಬರೂ ಹೊರಗೆ ಸಾಗಿಸುವ ಉಪ್ಪಿನ ಪೀಪಾಯಿಗಳಲ್ಲಿ ಕೂತು ತಪ್ಪಿಸಿಕೊಳ್ಳುತ್ತಾರೆ. ನಾನು ಒಳ್ಳೇ ಏರಿಳಿತ ಕೊಟ್ಟು ಓದಿದೆ. ಇನ್ನೇನು ಮುದುಕ ಕಣ್ಣೀರು ಹಾಕ್ತಾನೆ ಅಂದುಕೊಂಡರೆ ಕೈ ಎತ್ತಿ ನಿಲ್ಲಿಸಿದ.

"ತಡಿ ತಡಿ. ಮೊದಲನೇ ಪೀಪಾಯಿ ಮುಚ್ಚಳ ಎರಡನೆಯವನು ಹೊಡೆದ. ಎರಡನೇದರ ಮುಚ್ಚಳ ಯಾರು ಹೊಡೆದರು?"

"ಹ್ಞಾ?"

"ಒಳಗೆ ಕೂತವನು ತನ್ನ ಮುಚ್ಚಳ ತಾನೇ ಹೊರಗಿಂದ ಹೊಡ್ಕೊಳ್ಳೋಕೆ ಆಗುತ್ತೇನೋ? ಬರೆದವನು ಒಂದು ದಿನವೂ ಸುತ್ತಿಗೆ ಹಿಡಿದವನಲ್ಲ. ಇಬ್ಬರಲ್ಲಿ ಒಬ್ಬ ಹಿಂದೆ ಉಳೀಲೇಬೇಕು."

ಸಿಟ್ಟು ಬಂತು. ಕಥೆ ಕೇಳೋ ಹೊತ್ತಲ್ಲೂ ಇವನಿಗೆ ಮರಗೆಲಸ. ನಿಧಿಯ ಭಾಗ ಬಂದಾಗ ಓರೆಗಣ್ಣಿನಿಂದ ಅವನ ಮುಖ ನೋಡಿದೆ. ಏನೂ ಗೊತ್ತಾಗಲಿಲ್ಲ.

ಮಾರ್ಚ್ 2

ಇದನ್ನು ಯಾರಾದರೂ ಓದಿದರೆ ನನ್ನ ಕಥೆ ಮುಗೀತು, ಆದರೂ ಬರೆಯದೆ ಇರಲಾರೆ.

ಯಾವುದೋ ಕಚೇರಿಗೆ ದಾಖಲೆ ಇಡುವ ದೊಡ್ಡ ಬೀರುಗಳ ಆರ್ಡರ್ ಬಂದಿದೆ. ತಿಂಗಳ ಕೊನೆಗೆ ಲಾರಿ ಬರುತ್ತದೆ. ಇವತ್ತು ಓದುವಾಗ ಮುದುಕ ಕಣ್ಣು ಮುಚ್ಚಿಕೊಂಡೇ ಹೇಳಿದ, "ಪುಸ್ತಕ ನೋಡ್ತಾನೇ ಇರು, ತಲೆ ಎತ್ತಬೇಡ. ಹೊರಗೆ ಹೋಗ್ತೀಯಾ?"

ಪುಟ ತಿರುವಿದೆ.

ಬೀರುಗಳ ಆಳ ಜಾಸ್ತಿಯಂತೆ. ಒಂದಕ್ಕೆ ಮಾತ್ರ ಎರಡು ಬೆನ್ನು ಹಾಕುತ್ತಾನಂತೆ. ಹಿಂದಿನದು ನಿಜವಾದ ಬೆನ್ನು, ಅದರ ಮುಂದೆ ಒಂದು ತೆಳು ಹಲಗೆ, ನಡುವೆ ಒಬ್ಬ ಮನುಷ್ಯ ಮೊಣಕಾಲು ಮಡಚಿ ಕೂರುವಷ್ಟು ಸಂದು. ಬಾಗಿಲು ತೆರೆದು ನೋಡಿದವರಿಗೆ ಖಾಲಿ ಬೀರು. ಒಳಗಿನ ಅಡ್ಡಹಲಗೆಗಳನ್ನು ಹೇಗೂ ಬೇರೆ ಕಟ್ಟಿ ಕಳಿಸುತ್ತೇವೆ. ಬಾಗಿಲಿಗೆ ಬರೀ ಮ್ಯಾಗ್ನೆಟ್ಟು, ಬೀಗ ಕಚೇರಿಯವರೇ ಆಮೇಲೆ ಕೂರಿಸಿಕೊಳ್ಳುತ್ತಾರೆ. ಅವರ ಗೋದಾಮಿನಲ್ಲಿ ಇಳಿಸಿ ಹೋದ ಮೇಲೆ ತೆಳು ಹಲಗೆಯನ್ನು ಒಳಗಿಂದ ಭುಜದಲ್ಲಿ ದೂಡಿದರೆ ಆಯಿತು, ಬಾಗಿಲು ತೆಗೆದುಕೊಂಡು ನಡೆಯೋದು.

"ಒಬ್ಬ ಒಳಗೆ, ಒಬ್ಬ ಹೊರಗೆ ನಿಂತು ಮೊಳೆ ಹೊಡೆಯೋಕೆ. ನಾನು ಹೊಡೀತೀನಿ" ಅಂದ.

"ನೀವ್ಯಾಕೆ ಹೋಗಬಾರದು?" ಅಂತ ಬಾಯಿಮಾತಿಗೆ ಕೇಳಿದೆ.

"ಕೆಮ್ಮು. ಗೇಟಿನ ವಾರ್ಡರ್ ಪ್ರತಿ ಬೀರುವಿಗೂ ಕಿವಿ ಇಟ್ಟು ಕೋಲಿಂದ ಬಡೀತಾನೆ. ಒಂದು ಸಲ ಕೆಮ್ಮಿದೆ ಅಂದ್ರೆ ಮುಗೀತು."

ಮಾಲು ನನಗಂತೆ. ಅರ್ಧ ಅವನ ಅಕ್ಕನಿಗೆ ಮುಟ್ಟಿಸಬೇಕಂತೆ, ತಾಯಿ ಸತ್ತ ಮೇಲೆ ಸಾಕಿದವಳಂತೆ. ಓಹೋ ಅದಕ್ಕೇನು ಅಂದೆ. ಕೊಟ್ಟರಾಯಿತು, ಕೊಡದಿದ್ದರೂ ಆಯಿತು, ಯಾರು ನೋಡಲು ಬರುತ್ತಾರೆ? ಜಾಗ ಎಲ್ಲಿ ಅಂತ ಕೇಳಿದ್ದಕ್ಕೆ, "ನೀನು ಒಳಗೆ ಕೂತ ಮೇಲೆ ಕಿವಿಯಲ್ಲಿ ಹೇಳ್ತೀನಿ. ಈಗಲೇ ಹೇಳಿದ್ರೆ ನಿನ್ನ ಬಾಯಿ ಬಸ್ ಸ್ಟ್ಯಾಂಡು" ಅಂದ.

ಗಟ್ಟಿ ಮುದುಕ. ಇರಲಿ.

ಮಾರ್ಚ್ 6

ಹೆಂಡತಿ ಬಂದಿದ್ದಳು. ಜಾಲರಿಯ ಆಚೆಯಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮುಖ ಯಾಕೆ ಹೀಗೆ ಬಿಳಿಚಿಕೊಂಡಿದೆ? ಏನೋ ಕಿತಾಪತಿ ನಡೀತಿದೆ" ಅಂದಳು. ಅವಳ ಹತ್ತಿರ ಏನೂ ಮುಚ್ಚಿಡಲು ಆಗಲ್ಲ. ಪ್ಲಾನು ಹೇಳಲಿಲ್ಲ. ಮೇಸ್ತ್ರಿಯ ಅಕ್ಕನ ಮನೆ ಸಂತೆ ಬೀದಿಯ ಹಿಂದೆ ಇದೆಯಂತೆ, ಒಂದು ಸಲ ಹೋಗಿ ನೋಡಿಕೊಂಡು ಬಾ ಅಂದೆ.

"ನಾನ್ಯಾಕೆ ಹೋಗಲಿ?"

"ಸುಮ್ನೆ. ಮನೆ ಹಳೇದಾ, ನೆಲ ಅಲ್ಲಲ್ಲಿ ಹೊಸದಾಗಿ ಸಾರಿಸಿದ ಹಾಗಿದೆಯಾ, ಗೋಡೆ ದಪ್ಪ ಇದೆಯಾ, ಅಷ್ಟು ನೋಡು."

"ಓ, ನಿಧಿ!" ಅಂತ ಹಣೆ ಬಡಿದುಕೊಂಡಳು. "ನನ್ನ ತಮ್ಮನ ಮಾತು ಕೇಳಿ ಒಳಗೆ ಬಂದಿರಿ, ಈಗ ಯಾರದೋ ತಾತನ ಮಾತು ಕೇಳ್ತಿದೀರಿ. ನಿಮಗೆ ಬುದ್ಧಿ ಬರೋದು ಯಾವ ಕಾಲಕ್ಕೆ?"

ಆದರೂ ಹೋಗುತ್ತಾಳೆ. ಅವಳ ಬೈಗುಳ ಮುಗಿಯುವ ರೀತಿಯಲ್ಲೇ ಗೊತ್ತಾಯಿತು.

ಮಾರ್ಚ್ 10

ಬೀರುವಿನ ಸಂದಿನ ಅಳತೆಗೆ ಎರಡು ಹಲಗೆ ನಿಲ್ಲಿಸಿ ನಡುವೆ ಕೂತು ನೋಡಿದೆ. ಹೊಟ್ಟೆ ಅಡ್ಡ ಬಂತು. ಇವತ್ತಿನಿಂದ ಬ್ರೆಡ್ಡು ಬಿಟ್ಟೆ. ಎಸೆಯೋದು ಯಾಕೆ ಅಂತ ಮುದುಕನಿಗೆ ಕೊಟ್ಟೆ. ಚಹಾದಲ್ಲಿ ಅದ್ದಿ ಮೆತ್ತಗೆ ಮಾಡಿ ತಿಂದ, ಎದುರಿಗೆ ಎರಡೇ ಹಲ್ಲು. ನನಗೆ ಹೊಟ್ಟೆ ಚುರುಚುರು.

ಮಾರ್ಚ್ 13

ಹೆಂಡತಿ ಹೋಗಿ ಬಂದಿದ್ದಾಳೆ. ನೆಲ, ಗೋಡೆ ಏನನ್ನೂ ನೋಡಿಲ್ಲ, ಮಹಾರಾಯಿತಿ!

"ಆ ಮುದುಕಿ ಹಾಸಿಗೆ ಹಿಡಿದಿದಾರೆ ಕಣ್ರೀ, ಕಣ್ಣೂ ಕಾಣಲ್ಲ. ಪಕ್ಕದ ಮನೆಯವಳು ಬೆಳಗ್ಗೆ ಒಂದು ಸಲ ಇಣುಕಿ ಹೋಗ್ತಾಳೆ, ಅಷ್ಟೇ. ತಲೆ ಬಾಚಿ ಎಷ್ಟು ದಿನ ಆಗಿತ್ತೋ, ಕೂದಲೆಲ್ಲ ಸಿಕ್ಕು. ಬಾಚಿ ಜಡೆ ಹಾಕಿ, ಗಂಜಿ ಕುಡಿಸಿ ಬಂದೆ. ನನ್ನನ್ನ ಯಾರು ಅಂತ ಕೂಡ ಕೇಳಲಿಲ್ಲ. ತಮ್ಮ ಊಟ ಮಾಡಿದ್ನಾ ಅಂತಲೇ ಕೇಳ್ತಿದ್ರು."

ಶೆಡ್ಡಿಗೆ ಬಂದು ಮೇಸ್ತ್ರಿಗೆ ಹೇಳಿದೆ. ಜಡೆ ಹಾಕಿದ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಮುಖ ಆ ಕಡೆ ತಿರುಗಿಸಿ ಕೆಮ್ಮಿದರು, ಬಹಳ ಹೊತ್ತು. ಮುಂದಿನ ಸಲ ಕೆಮ್ಮಿಗೆ ಚೀಪೋ ಪೆಪ್ಪರ್‌ಮಿಂಟ್ ತಾ ಅಂತ ಹೆಂಡತಿಗೆ ಹೇಳಿಯೇ ಬಂದಿದ್ದೇನೆ. ಶೆಡ್ಡಿನಲ್ಲಿ ಇವರು ಹೀಗೆ ಕೆಮ್ಮುತ್ತಿದ್ದರೆ ಕೆಲಸ ನೋಡಿಕೊಳ್ಳುವ ಇನ್‌ಸ್ಟ್ರಕ್ಟರ್ ಇವರನ್ನು ಆಸ್ಪತ್ರೆಗೆ ಅಟ್ಟಿ, ನನ್ನ ಮೊಳೆ ಹೊಡೆಯೋರು ಇಲ್ಲದ ಹಾಗಾದೀತು. ಅದಕ್ಕೇ.

ಮಾರ್ಚ್ 17

ಇವತ್ತು ಕೆಟ್ಟ ದಿನ. ಅಕ್ಕನನ್ನು ನೋಡಲು ಪೆರೋಲ್ ಕೊಡಿ ಅಂತ ಮೇಸ್ತ್ರಿ ಅರ್ಜಿ ಹಾಕಿದ್ದರಂತೆ, ನನಗೆ ಗೊತ್ತೇ ಇರಲಿಲ್ಲ. ಜೈಲರ್ ಶೆಡ್ಡಿಗೇ ಬಂದು ಎಲ್ಲರೆದುರು ಹೇಳಿದರು, ಜಾಮೀನು ನಿಲ್ಲೋರು ಯಾರೂ ಇಲ್ಲ, ಓಡಿಹೋಗುವ ಸಂಭವ ಇದೆ, ಆಗಲ್ಲ ಅಂತ. ಆಮೇಲೆ ದನಿ ತಗ್ಗಿಸಿ, "ಆ ಒಡವೆ ಎಲ್ಲಿದೆ ಹೇಳು, ನಾಳೆನೇ ಕಳಿಸ್ತೀನಿ" ಅಂದರು.

"ಇದ್ದರೆ ತಾನೇ ಸಾರ್" ಅಂದರು ಅಜ್ಜ.

ಜೈಲರ್ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಹೇಳಿಬಿಡಬಾರದಿತ್ತಾ? ಅಕ್ಕನನ್ನಾದರೂ ನೋಡಬಹುದಿತ್ತು" ಅಂದೆ.

"ಹೇಳಿದ್ರೆ ಒಡವೆ ತಗೊಂಡು ಪೆರೋಲ್ ಕೊಡಲ್ಲ ಕಣೋ. ಮೂವತ್ತು ವರ್ಷದಲ್ಲಿ ಇಂಥ ಎಷ್ಟು ಜೈಲರ್‌ಗಳನ್ನ ನೋಡಿಲ್ಲ ನಾನು. ಅದೂ ಅಲ್ದೆ, ಅದನ್ನ ನಿನಗೆ ಕೊಟ್ಟಾಗಿದೆ."

ಕೊಟ್ಟಾಗಿದೆ ಅಂದರು. ಖುಷಿ ಆಗಬೇಕಿತ್ತು. ಮಧ್ಯಾಹ್ನ ಊಟ ಸೇರಲಿಲ್ಲ, ಇವತ್ತು ಡಯಟ್ಟು ಅಲ್ಲ, ನಿಜವಾಗಿ ಸೇರಲಿಲ್ಲ. ಓದೋಣವಾ ಅಂದರೆ ಬೇಡ ಅಂದರು. ಒಂದೇ ಹಲಗೆಯನ್ನು ಸಂಜೆವರೆಗೆ ಕೀಸುತ್ತ ನಿಂತಿದ್ದರು, ಅದು ಸವೆದು ಯಾವ ಕೆಲಸಕ್ಕೂ ಬಾರದ ಹಾಗಾಯಿತು.

ಮಾರ್ಚ್ 20

ಎರಡು ಬೆನ್ನಿನ ಬೀರು ಮುಗಿಯುತ್ತ ಬಂದಿದೆ. ಹೊರಗಿಂದ ನೋಡಿದರೆ ದೇವರಾಣೆಗೂ ಗೊತ್ತಾಗಲ್ಲ. ಇನ್‌ಸ್ಟ್ರಕ್ಟರ್ ಅದಕ್ಕೇ ಒರಗಿ ನಿಂತು ಚಹಾ ಕುಡಿದರು.

ಅಜ್ಜ ಮೊಳೆಯ ಪಾಠ ಮಾಡಿದರು. ಒಳಹಲಗೆಗೆ ಹೊಡೆಯೋದು ಗಿಡ್ಡ ಮೊಳೆ, ಅದೂ ಮೂಲೆಗೊಂದು. ಹಿಡಿದ ಹಾಗೆ ಕಾಣಬೇಕು, ದೂಡಿದರೆ ಬಿಡಬೇಕು. ಪಕ್ಕದ ಡಬ್ಬಿಯಲ್ಲಿರೋದು ಉದ್ದ ಮೊಳೆ, ತಲೆ ಎರಡಕ್ಕೂ ಒಂದೇ. "ಅದನ್ನ ಹೊಡೆದ್ರೆ ಆನೆ ದೂಡಿದ್ರೂ ಬರಲ್ಲ. ಬೀರು ಅಲ್ಲ, ಗೋರಿ" ಅಂದರು.

"ನನಗ್ಯಾಕೆ ಹೇಳ್ತೀರಿ, ಹೊಡೆಯೋರು ನೀವು ತಾನೇ" ಅಂದೆ.

"ಕಲಿತ್ಕೊ. ಕೆಲಸ ಕಲಿತ್ರೆ ಕೈ ಕೆಡಲ್ಲ."

ಪೆಪ್ಪರ್‌ಮಿಂಟ್ ಬಂದಿದೆ. ಬಾಯಲ್ಲಿಟ್ಟುಕೊಂಡರೆ ಅಜ್ಜ ಸ್ವಲ್ಪ ಹೊತ್ತು ಕೆಮ್ಮುವುದಿಲ್ಲ. ಎಷ್ಟು ಹೊತ್ತು ಅಂತ ಗಮನವಿಟ್ಟು ನೋಡಿದೆ. ಊಟದ ಗಂಟೆ ಹೊಡೆದಾಗ ಇಟ್ಟುಕೊಂಡರು, ಕೆಲಸ ಶುರುವಾಗುವವರೆಗೆ ಕೆಮ್ಮಲಿಲ್ಲ. ಸುಮ್ಮನೆ ನೋಡಿದೆ, ತಲೆಗೆ ಬೇರೆ ಏನು ಕೆಲಸ ಇದೆ?

ಮಾರ್ಚ್ 24

ಲಾರಿ 28ಕ್ಕೆ. ಇನ್ನು ನಾಲ್ಕೇ ದಿನ.

ಮಾರ್ಚ್ 27

ಹೆಂಡತಿ ಬಂದಳು. ಜಾಲರಿಗೆ ಬೆರಳು ಸಿಕ್ಕಿಸಿ ನಿಂತಳು, ಬೈಯಲಿಲ್ಲ. ಆಗಲೇ ಗೊತ್ತಾಯಿತು ಸುದ್ದಿ ಸರಿ ಇಲ್ಲ ಅಂತ.

"ಅಕ್ಕ ಇನ್ನು ಎರಡು ಮೂರು ದಿನ ಅಂತ ಡಾಕ್ಟರ್ ಅಂದ್ರು. ಬಾಗಿಲು ಸದ್ದಾದ್ರೆ ಸಾಕು, ಬಂದ್ಯಾ ಅಂತಾರೆ. ಇವತ್ತು ನನ್ನ ಕೈ ಹಿಡ್ಕೊಂಡು ಬಂದ್ಯಾ ಅಂದ್ರು. ನಾನು ಹ್ಞೂ ಅಂದೆ. ಕೈ ತಡವಿ ನೋಡಿ, ನೀನಲ್ಲ ಅಂತ ಬಿಟ್ಟುಬಿಟ್ರು." ಅತ್ತಳು. ಮದುವೆ ಆದಾಗಿನಿಂದ ಅವಳು ಅತ್ತದ್ದು ನಾನು ನೋಡಿದ್ದು ಕಡಿಮೆ.

ಅಜ್ಜನಿಗೆ ಹೇಳಲೋ ಬೇಡವೋ ಅಂತ ಒದ್ದಾಡಿದೆ. ಮುಖ ನೋಡಿಯೇ ಕೇಳಿದರು, ಹೇಳಿದೆ. ಸುತ್ತಿಗೆ ಒರೆಸಿ ಪೆಟ್ಟಿಗೆಯಲ್ಲಿಟ್ಟರು. ನಂತರ, "ನಾಳೆ ಬಿಡುವಿನ ಹೊತ್ತಲ್ಲಿ ಬೇಗ ತಯಾರಾಗಿರು. ನೀನು ಹೋದ ಮೇಲೆ ಆದ್ರೆ ಒಂದು ಸಲ ಅವಳ ಹತ್ರ ಹೋಗು. ತಮ್ಮ ಊಟ ಮಾಡಿದ ಅಂತ ಹೇಳು" ಅಂದರು.

ಸಂಜೆ ಎಲ್ಲರೂ ಕಸ ಗುಡಿಸುವಾಗ ಬೀರುವಿನೊಳಗೆ ಕೂತು ನೋಡಿದೆ. ಸರಿಯಾಗಿ ಹಿಡಿಸಿದೆ. ಹೊಟ್ಟೆ ಕರಗಿದೆ, ಮೊಣಕಾಲಿಗೂ ಹಲಗೆಗೂ ನಡುವೆ ಕೈ ಹೋಗುವಷ್ಟು ಜಾಗ ಇದೆ. ನಾಳೆ ಈ ಹೊತ್ತಿಗೆ ನಾನು ಹೊರಗೆ. ಮಗಳನ್ನು ನೋಡಬಹುದು.

ಮಾರ್ಚ್ 28

ಎಲ್ಲಿಂದ ಶುರು ಮಾಡಲಿ? ಬೇಗ ಬರೆದು ತುರುಕಬೇಕು. ಶೆಡ್ಡು ಮುಚ್ಚಲು ಇನ್ನೂ ಸ್ವಲ್ಪ ಹೊತ್ತಿದೆ.

ಲಾರಿ ಬಂತು. ಇನ್‌ಸ್ಟ್ರಕ್ಟರ್ ಡ್ರೈವರ್ ಜೊತೆ ಚಹಾಕ್ಕೆ ಹೋದರು. ಉಳಿದವರು ಮೊದಲ ಬೀರುಗಳನ್ನು ಹೊತ್ತು ಹೊರಗೆ ಹೋದರು. ಶೆಡ್ಡಿನಲ್ಲಿ ನಾವಿಬ್ಬರೇ. ಅಜ್ಜ ತೆಳು ಹಲಗೆ ಕೈಯಲ್ಲಿ ಹಿಡಿದು, "ಹತ್ತು, ಹತ್ತು" ಅಂದರು.

ನಾನು, "ಕಾಲು ಯಾವ ಕಡೆ ಮಡಚಬೇಕು ಅಂತ ಮರೆತೇ ಹೋಯ್ತು ಅಜ್ಜ, ಒಂದು ಸಲ ಕೂತು ತೋರಿಸಿ" ಅಂದೆ.

"ನಿನ್ನೆ ತಾನೇ ಕೂತಿದ್ಯಲ್ಲೋ ದಡ್ಡ!"

"ಹೆದರಿಕೆಗೆ ಏನೂ ನೆನಪಿಲ್ಲ. ಬೇಗ ತೋರಿಸಿ, ಬರ್ತಾರೆ."

ಬೈಯುತ್ತಲೇ ಒಳಗೆ ಹೋಗಿ ಕೂತರು. ಕಡ್ಡಿಯಂಥ ದೇಹ, ಸಂದಿನಲ್ಲಿ ಇನ್ನೊಬ್ಬರು ಕೂರಬಹುದಾಗಿತ್ತು. "ನೋಡು, ಎಡಗಾಲು ಹೀಗೆ..." ಅನ್ನುವಾಗ ನಾನು ಹಲಗೆ ಇಟ್ಟೆ.

"ಏಯ್! ಏನೋ ಮಾಡ್ತಿದೀಯ?"

"ಮೊಳೆ ಹೊಡೀತಿದೀನಿ. ಪೆಪ್ಪರ್‌ಮಿಂಟ್ ನಿಮ್ಮ ಜೇಬಲ್ಲಿ ಹಾಕಿದೀನಿ ಬೆಳಗ್ಗೆನೇ. ಈಗ ಒಂದು ಬಾಯಲ್ಲಿಡಿ, ಗೇಟಿನ ಹತ್ರ ಇನ್ನೊಂದು."

ಒಳಗೆ ಪೆಪ್ಪರ್‌ಮಿಂಟಿನ ಕಾಗದ ಸರಸರ ಅಂದಿತು. ಆಮೇಲೆ ಹಲಗೆಯ ಆಚೆಯಿಂದ ಸಣ್ಣಗೆ, "ಕಂಡಕ್ಟರ್... ಕೇಳಿಸ್ಕೊ. ಮಾಲು ಇರೋದು..."

"ಸುಮ್ನಿರಿ ಅಜ್ಜ! ಮಾತಾಡಿದ್ರೆ ಕೆಮ್ಮು ಕೆರಳುತ್ತೆ" ಅಂತ ಗದರಿಸಿ ಕೊನೆಯ ಮೊಳೆ ಹೊಡೆದೆ. ಅಷ್ಟರಲ್ಲಿ ಹೊರುವವರು ಬಂದೇಬಿಟ್ಟರು.

ನಾನೇ ಒಂದು ತುದಿ ಹಿಡಿದು ಗೇಟಿನವರೆಗೆ ಹೋದೆ. ವಾರ್ಡರ್ ಬಾಗಿಲು ತೆಗೆದ, ಕೋಲಿಂದ ಬಡಿದ, ಕಿವಿ ಇಟ್ಟ. ನಾನು ಜೋರಾಗಿ ಕೆಮ್ಮಲು ಶುರು ಮಾಡಿದೆ, ಒಂದು ವೇಳೆ ಒಳಗಿಂದ ಬಂದರೂ ನನ್ನದೇ ಅನ್ನಲಿ ಅಂತ. "ಥೂ, ಆ ಕಡೆ ಹೋಗಿ ಕೆಮ್ಮೋ!" ಅಂತ ಬೈದ. ಬಡಿದದ್ದು ಸಾಕು ಅಂತ ಕೈ ಬೀಸಿದ. ಲಾರಿ ಹೋಯಿತು. ರೈಟ್ ರೈಟ್ ಅಂತ ನನ್ನ ಬಾಯಿಗೆ ಬಂದೇಬಿಟ್ಟಿತ್ತು, ನುಂಗಿಕೊಂಡೆ.

ಮೇಸ್ತ್ರಿ ಎಲ್ಲಿ ಅಂದದ್ದಕ್ಕೆ ಕೆಮ್ಮು ಜಾಸ್ತಿಯಾಗಿ ಆಸ್ಪತ್ರೆಗೆ ಹೋದರು ಅಂದೆ. ನಂಬಿದರು. ಸಂಜೆ ಬ್ಯಾರಕ್ಕಿನಲ್ಲಿ ತಲೆ ಎಣಿಸುವಾಗ ಗೊತ್ತಾಗುತ್ತದೆ. ಗೊತ್ತಾದ ತಕ್ಷಣ ಪೊಲೀಸರು ಮೊದಲು ಓಡೋದೇ ಅಕ್ಕನ ಮನೆಗೆ. ಅಷ್ಟರೊಳಗೆ ತಲುಪಿದರೆ ಸಾಕು. ದೇವರೇ, ತಲುಪಿದರೆ ಸಾಕು.

ನಾನು ಹೇಗಿದ್ದರೂ ಹೋಗುವ ಹಾಗಿರಲಿಲ್ಲ. ನಿನ್ನೆ ಮೊಣಕಾಲಿನ ಹತ್ತಿರ ಸ್ವಲ್ಪ ಬಿಗಿ ಅನಿಸಿತ್ತು.

ಮಾರ್ಚ್ 29

ಒಂಟಿ ಕೋಣೆ. ಬೆಳಗಿನಿಂದ ಪ್ರಶ್ನೆ, ಏಟು. ಇದನ್ನು ಸೋಪಿನ ಕಾಗದದ ಒಳಬದಿಯಲ್ಲಿ ಬರೀತಿದ್ದೇನೆ. ಪೆನ್ಸಿಲ್ ತುಂಡು ಬನಿಯನ್ನಿನ ಹೊಲಿಗೆಯಲ್ಲಿತ್ತು. ಏಟು ದೊಡ್ಡದಲ್ಲ. ಬೇರೊಂದು ಯೋಚನೆ ಜೀವ ತಿನ್ನುತ್ತಿದೆ.

ಕೊನೆಯ ಮೊಳೆ ಯಾವ ಡಬ್ಬಿಯಿಂದ ತೆಗೆದೆ?

ಮೊದಲಿನವು ಗಿಡ್ಡ ಡಬ್ಬಿಯವೇ, ಅದು ನೆನಪಿದೆ. ಕೊನೆಯದನ್ನು ಹೊಡೆಯುವಾಗ ಹೆಜ್ಜೆ ಸದ್ದಾಯಿತು, ಕೈ ಹಾಕಿದೆ, ಸಿಕ್ಕಿದ್ದು ಹೊಡೆದೆ. ಗಿಡ್ಡದಾಗಿದ್ದರೆ ಎರಡೇ ಏಟಿಗೆ ಕೂರಬೇಕು. ನಾನು ಹೆಚ್ಚು ಏಟು ಹೊಡೆದೆನಾ? ಹೊಡೆದ ಹಾಗೆ ನೆನಪು. ಇಲ್ಲ, ಹೆದರಿಕೆಗೆ ಗುರಿ ತಪ್ಪಿತ್ತು, ಅದಕ್ಕೇ ಹೆಚ್ಚು. ಅಥವಾ...

ಆನೆ ದೂಡಿದರೂ ಬರಲ್ಲ ಅಂದಿದ್ದರು.

ಮಾರ್ಚ್ 30

ಜೈಲರ್ ಬಂದಾಗ ಕಾಲು ಹಿಡಿದುಕೊಂಡೆ. "ಸಾರ್, ಆ ಬೀರುಗಳನ್ನ ಯಾರಾದರೂ ತೆಗೆದು ನೋಡಿದ್ರಾ?" ಅಂತ ಕೇಳಿಯೇಬಿಟ್ಟೆ. ಇದರಿಂದ ನನ್ನ ಮೇಲಿನ ಕೇಸು ಗಟ್ಟಿಯಾಗುತ್ತದೆ ಅಂತ ಗೊತ್ತು. ಆಗಲಿ. ಒಳಗೆ ಉಸಿರು ಕಟ್ಟಿ ಕೂತಿದ್ದರೆ?

ಜೈಲರ್ ನಕ್ಕರು. "ಜಾಗ ಎಲ್ಲಿ? ಅದನ್ನ ಹೇಳು, ನಾನೂ ಹೇಳ್ತೀನಿ" ಅಂದರು.

"ಗೊತ್ತಿಲ್ಲ ಸಾರ್. ಹೇಳೋಕೆ ಬಂದಿದ್ರು, ನಾನೇ ಸುಮ್ನಿರಿ ಅಂದೆ."

"ನನ್ನ ಕಿವಿ ಮೇಲೆ ಹೂವು ಇಡ್ತೀಯೇನೋ? ನಿಧಿ ಜಾಗ ಹೇಳ್ತೀನಿ ಅಂದ್ರೆ ಬೇಡ ಅನ್ನೋ ಗಂಡಸು ಈ ಭೂಮಿ ಮೇಲಿದಾನಾ?"

ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಡಬ್ಬಿಗಳು. ಎಡಕ್ಕೆ ಗಿಡ್ಡ, ಬಲಕ್ಕೆ ಉದ್ದ. ನಾನು ಹಾಕಿದ್ದು ಯಾವ ಕೈ?

ಮಾರ್ಚ್ 31

ಅದೇ. ಊಟ ಮುಟ್ಟಲಿಲ್ಲ.

ಏಪ್ರಿಲ್ 2

ಬೆಳಗ್ಗೆ ನನ್ನನ್ನು ಸ್ನಾನ ಮಾಡಿಸಿ ಆಸ್ಪತ್ರೆ ಕೋಣೆಗೆ ಕರೆದುಕೊಂಡು ಹೋದರು. ಯಾಕೆ ಅಂತ ಹೇಳಲಿಲ್ಲ. ಹೆಣ ಗುರುತಿಸೋಕೆ ಅಂದುಕೊಂಡೆ. ಬರಲ್ಲ ಅಂತ ಬಾಗಿಲು ಹಿಡಿದುಕೊಂಡೆ, ಇಬ್ಬರು ಎತ್ತಿಕೊಂಡು ಹೋದರು.

ಮಂಚದ ಮೇಲೆ ಅಜ್ಜ! ಒಂದು ಕೈ ಮಂಚಕ್ಕೆ ಬೇಡಿ, ಇನ್ನೊಂದು ಭುಜಕ್ಕೆ ಪಟ್ಟಿ. ಜೈಲರ್, "ಮಾತಾಡ್ಕೊಳ್ಳಿ, ಹಳೇ ಗೆಳೆಯರು" ಅಂತ ಇಲ್ಲದ ನಗು ನಕ್ಕು ಬಾಗಿಲು ಎಳೆದುಕೊಂಡು ಹೋದರು. ಬಾಗಿಲ ಕೆಳಗೆ ಬೂಟುಗಳು ಕಾಣುತ್ತಿದ್ದವು, ಎರಡು ಜೊತೆ. ನಾವು ನಿಧಿಯ ಮಾತಾಡುತ್ತೇವೆ ಅಂತ ಕಿವಿ ಇಟ್ಟು ನಿಂತಿದ್ದರು.

ಅಜ್ಜನೇ ಶುರು ಮಾಡಿದರು. "ಬಲಗಡೆ ಮೇಲಿನ ಮೂಲೆಗೆ ಉದ್ದ ಮೊಳೆ ಹೊಡೆದಿದ್ಯಲ್ಲೋ ಮುಂಡೇದೇ! ಹಲಗೆ ಬರಲೇ ಇಲ್ಲ. ದೂಡಿ ದೂಡಿ ಭುಜ ಕಳಚ್ತು. ಕೊನೆಗೆ ಹಲಗೆನೇ ಸೀಳಿತು, ತೆಳುವಾಗಿ ಕೀಸಿದ್ದೆ, ಪುಣ್ಯ."

"ತಪ್ಪಾಯ್ತು ಅಜ್ಜ. ತಪ್ಪಾಯ್ತು."

"ನಿನ್ನಂಥ ಶಿಷ್ಯ ನನ್ನ ಶತ್ರುವಿಗೂ ಬೇಡ." ಕೆಮ್ಮಿದರು. ನೀರು ಕುಡಿಸಿದೆ. ಬಾಗಿಲ ಕೆಳಗಿನ ಬೂಟುಗಳನ್ನು ನೋಡಿ ಕಣ್ಣು ಮಿಟುಕಿಸಿದರು, ದನಿ ತಗ್ಗಿಸಿ, "ಬಾ ಹತ್ರ. ಈಗಲಾದ್ರೂ ಕಿವಿ ಕೊಡು, ಹೇಳ್ತೀನಿ" ಅಂದರು.

ಬಗ್ಗಿದೆ. ಎಷ್ಟು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ, ತಡೆಯಲಾಗಲಿಲ್ಲ. "ಅದಿರಲಿ, ಮೊದಲು ಇದು ಹೇಳಿ. ಅಕ್ಕ ಇದ್ರಾ? ಗುರುತು ಹಿಡಿದ್ರಾ?" ಅಂದೆ.

ಅಜ್ಜ ನನ್ನನ್ನೇ ನೋಡಿದರು. ಆಮೇಲೆ ಹೇಳಿದರು. ಕತ್ತಲಾಗುವ ಮುಂಚೆ ಹೋಗಿ ಬಾಗಿಲು ತೆರೆದರಂತೆ. ಬಂದ್ಯಾ ಅಂದರಂತೆ ಅಕ್ಕ. ಕೈ ತಡವಿ, ಪೊಲೀಸರು ಮುರಿದ ಬೆರಳು ಸಿಕ್ಕಿದ ಕೂಡಲೇ, ಇಷ್ಟು ತಡ ಯಾಕೋ, ಊಟ ಆರಿಹೋಯ್ತು ಅಂತ ಬೈದರಂತೆ. ನನ್ನ ಹೆಂಡತಿ ಬೆಳಗ್ಗೆ ಮಾಡಿಟ್ಟ ಗಂಜಿ ಇತ್ತಂತೆ. ಅಕ್ಕನಿಗೆ ಎರಡು ಚಮಚ ಕುಡಿಸಿ, ಮಿಕ್ಕದ್ದು ಅಕ್ಕನ ಎದುರೇ ಇವರು ಕುಡಿದರಂತೆ. ಆ ಬೆರಳು ಹಿಡಿದುಕೊಂಡೇ ನಿದ್ದೆ ಹೋದರಂತೆ. ಪೊಲೀಸರು ಬಂದಾಗಲೂ ಬಿಟ್ಟಿರಲಿಲ್ಲವಂತೆ, ಇವರೇ ನಿಧಾನವಾಗಿ ಬಿಡಿಸಿಕೊಂಡರಂತೆ. ಮರುದಿನ ಬೆಳಗ್ಗೆ ಲಾಕಪ್ಪಿನಲ್ಲಿದ್ದಾಗ ಸುದ್ದಿ ಬಂತಂತೆ.

ನಾನು ಅಳುತ್ತಿದ್ದೆ. ಅಜ್ಜ ಅಳಲಿಲ್ಲ. ಪಟ್ಟಿ ಕಟ್ಟಿದ ಕೈಯಿಂದಲೇ ನನ್ನ ತಲೆ ಸವರಿದರು. ಕಿಟಕಿಯಿಂದ ಗಾಳಿ ನೇರವಾಗಿ ಅವರ ಎದೆಗೇ ಬಡಿಯುತ್ತದೆ, ಹೆಂಡತಿಗೆ ಹೇಳಿ ಒಂದು ಉಣ್ಣೆಯ ಬನಿಯನ್ ತರಿಸಬೇಕು.

ಹೊತ್ತು ಮುಗಿಯಿತು ಅಂತ ಜೈಲರ್ ಬಾಗಿಲು ಒದ್ದು ಬಂದರು. ಮುಖ ಕೆಂಪಾಗಿತ್ತು. ನನ್ನನ್ನು ಕುತ್ತಿಗೆಪಟ್ಟಿ ಹಿಡಿದು ಹೊರಗೆ ಎಳೆದು, "ಇಷ್ಟು ಹೊತ್ತು ಬಿಟ್ಟೆ ನಿನ್ನನ್ನ! ಅವನಾಗೇ ಹೇಳ್ತೀನಿ ಅಂದ! ಒಂದು ಮಾತು ಕೇಳಲಿಲ್ವಲ್ಲೋ ಕತ್ತೆ!" ಅಂತ ಕಿರುಚಿದರು.

"ಕೇಳಿದೆನಲ್ಲ ಸಾರ್" ಅಂದೆ. "ಅಕ್ಕ ಗುರುತು ಹಿಡಿದರಂತೆ."